ಗೆರೆ ಎಳೆದ ಬೋರ್ಡು

ಈಗಲೂ ಗಾರೆ ಕೆಲಸದ ನಡುವೆ ಬೇಲಿಯ ತೊಂಡೆ ಎಲೆ ಜಜ್ಜಿದ ವಾಸನೆ ಬಂದರೆ ಆ ಮಧ್ಯಾಹ್ನ ನೆನಪಾಗುತ್ತದೆ.

ಹಿರಿಯೂರು ಸೀಮೆಯ ನಮ್ಮೂರಲ್ಲಿ ಮನೆಮಾತು ತೆಲುಗು, ಶಾಲೆ ಕನ್ನಡದ್ದು. ಐದನೇ ಕ್ಲಾಸಿಗೆ ಬಂದರೂ ಪಾಠ ತಲೆಗೆ ಹತ್ತುತ್ತಿರಲಿಲ್ಲ. ಎರಡೂ ಭಾಷೆಯಲ್ಲಿ ಕಲಿಸಬೇಕೆಂದು ಕಚೇರಿಗಳಿಗೆ ಅರ್ಜಿ ಬರೆದು ಸಾಕಾದ ನಮ್ಮ ಮೇಷ್ಟ್ರು ಕೊನೆಗೆ ತಾವೇ ಶುರು ಮಾಡಿದರು. ತೊಂಡೆ ಎಲೆ, ಇದ್ದಿಲು ಅರೆದು ನಾವು ಕಪ್ಪು ಬಳಿದ ಬೋರ್ಡಿನ ನಡುವೆ ಗೆರೆ ಎಳೆದು, ಒಂದು ಕಡೆ ಕನ್ನಡ, ಇನ್ನೊಂದು ಕಡೆ ಕನ್ನಡ ಅಕ್ಷರದಲ್ಲೇ ನಮ್ಮ ತೆಲುಗು ಬರೆಯುತ್ತಿದ್ದರು.

ಅಪ್ಪ ದೂರು ಕೊಟ್ಟ. ಶಿಕ್ಷಣ ಇಲಾಖೆಯ ಸಾಹೇಬರು ವಿಚಾರಣೆಗೆ ಬಂದರು.

“ಮನೇಲಿ ಆಡೋ ಮಾತು ಕಲಿಯಾಕೆ ಸ್ಕೂಲು ಯಾಕ್ರಿ ಬೇಕು?” ಅಂದ ಅಪ್ಪ.

“ಆ ಮಾತು ಹಿಡ್ಕಂಡೇ ಕನ್ನಡ ಬರ್ತಾ ಐತೆ ಯಜಮಾನ್ರೇ. ನಿಮ್ಮ ಹುಡುಗನ್ನೇ ಕೇಳ್ರಿ,” ಅಂದರು ಮೇಷ್ಟ್ರು.

ಸಾಹೇಬರು ನನ್ನನ್ನು ಎಬ್ಬಿಸಿ, “ಎರಡೂ ಕಡೆ ಓದಪ್ಪ” ಅಂದರು. ನನಗೆ ಎರಡೂ ಬರುತ್ತಿತ್ತು. ಆದರೆ ಸಾಹೇಬರ ಮುಂದೆ ಬಾಯಿ ಬಿಟ್ಟರೆ ಕಾಲು ಮುರೀತೀನಿ ಅಂತ ಅಪ್ಪ ಬೆಳಿಗ್ಗೆಯೇ ಹೇಳಿದ್ದ. ನಾನು ಸುಮ್ಮನೆ ನಿಂತೆ.

“ನೋಡಿದ್ರಾ ಮೇಷ್ಟ್ರೇ, ಒಂದೂ ಬರಲ್ಲ,” ಅಂದರು ಸಾಹೇಬರು.

ಮೇಷ್ಟ್ರು ನನ್ನ ಕಡೆ ನೋಡದೆ ತೆಲುಗಿನ ಕಡೆಯನ್ನು ಒರೆಸಿದರು. ಅವರಿಗೆ ವರ್ಗವಾಯಿತು. ಆ ವರ್ಷವೇ ನನ್ನ ಓದೂ ಮುಗಿಯಿತು. ದುಡಿದು ಮೇಸ್ತ್ರಿ ಆದೆ, ಯಾರ ಮುಂದೂ ಕೈ ಚಾಚಲಿಲ್ಲ.

ಅವತ್ತು ಶಾಲೆಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಪ್ಪ ಬನ್ನು ಕೊಡಿಸಿ, ಮರ್ಯಾದೆ ಉಳಿಸಿದೆ ಮಗನೇ ಅಂತ ತೆಲುಗಿನಲ್ಲಿ ಹೇಳಿದ. ನಾನು ಬನ್ನು ಪೂರ್ತಿ ತಿಂದೆ.