ನಲವತ್ತೆರಡು ಕಿಲೋದ ಡ್ರೈವರ್

ತೊಗರಿ ಚೀಲ ತೂಗುವ ಕಾಟಾದ ಮೇಲೆ ಮಹಾರುದ್ರಪ್ಪ ಮೊದಲು ತಾನೇ ಹತ್ತಿ ನಿಂತ. ಕ್ವಿಂಟಲಿಗೆ ಎರಡೇ ಕಿಲೋ ಕಡಿಮೆ. ಮಗ ಶರಣಕುಮಾರ ಎಂಬತ್ತೊಂದು, ಹೆಂಡತಿ ಭಾಗಮ್ಮ ಎಪ್ಪತ್ತನಾಲ್ಕು. ಕೊನೆಗೆ ಸೊಸೆ ಮನೀಷಾ ಸೆರಗು ಸರಿಮಾಡಿಕೊಂಡು ಹತ್ತಿದಳು. ನಲವತ್ತೆರಡು! ಕಡಿಮೆ ತೂಕ ಕಂಡು ಮಹಾರುದ್ರಪ್ಪ ಹಿಗ್ಗಿದ್ದು ಬಸವಕಲ್ಯಾಣದ ಅವನ ದಲ್ಲಾಳಿ ಅಡತಿ ಅಂಗಡಿಯಲ್ಲಿ ಅದೇ ಮೊದಲು.

“ನಾಳಿಯಿಂದ ನೀ ಗಾಡಿ ಕಲಿ,” ಎಂದ ಸೊಸೆಗೆ.

ಮನೀಷಾಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಮದುವೆಯಾದ ಹೊಸದರಲ್ಲಿ ಆಸೆಯಿಂದ ಕೇಳಿದಾಗ “ನಮ್ಮ ಮನ್ಯಾಗ ಹೆಣ್ಮಕ್ಕಳು ಸ್ಟೇರಿಂಗ್ ಹಿಡಿದದ್ದಿಲ್ಲ” ಎಂದು ಬಾಯಿ ಮುಚ್ಚಿಸಿದವನು ಇವನೇ. ಅಷ್ಟೇ ಅಲ್ಲ, ಮೂರು ನಾಗರ ಪಂಚಮಿಗಳಿಂದ ಅವಳು ಚಿಟಗುಪ್ಪದ ತವರಿನ ಜೋಕಾಲಿ ಕಂಡಿರಲಿಲ್ಲ. ಕಾರಿನಲ್ಲಿ ಕಳಿಸೋಣವೆಂದರೆ ಆ ಹಾದಿಯ ತೆಗ್ಗು-ಗುಂಡಿಗೆ ಗಾಡಿ ಪೆಟ್ರೋಲ್ ಕುಡಿಯುತ್ತದೆ. ಬಸ್ಸಿಗೆ ಕಳಿಸೋಣವೆಂದರೆ ಬಾಗಿಲಲ್ಲಿ ಕಾರಿದ್ದೂ ಸೊಸೆಯನ್ನು ಬಸ್ಸಿಗೆ ಹತ್ತಿಸಿದರೆಂದು ಬೀಗರು ಆಡಿಕೊಳ್ಳುತ್ತಾರೆ. ಹೀಗೆ ಎರಡೂ ಹಾದಿ ಬಂದ್ ಆಗಿ ಅವಳು ಹಬ್ಬದ ದಿನ ಅಡಿಗೆಮನೆಯಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಈಗ ಕಾಟಾ ಹತ್ತಿಸಿ ಗಾಡಿ ಕಲಿ ಎಂದದ್ದಕ್ಕೆ ಕಾರಣ ಹುಮನಾಬಾದಿನ ಗುರುನಾಥ, ಮಹಾರುದ್ರಪ್ಪನ ಬಾಲ್ಯದ ಗೆಳೆಯ. ಜಪಾನಿನಲ್ಲಿ ಅರ್ಧ ಪೆಟ್ರೋಲು ಅರ್ಧ ಬ್ಯಾಟರಿಯ ಮೇಲೆ ಓಡುವ ಹೈಬ್ರಿಡ್ ಕಾರು ಬಂದಿದೆ, ಲೀಟರಿಗೆ ಇಪ್ಪತ್ತು ಕಿಲೋಮೀಟರ್ ಕೊಡುತ್ತದೆ ಎಂದು ಅವನು ಪೇಪರು ಓದಿ ಹೇಳಿದ್ದ.

“ಹೈಬ್ರಿಡ್ ಜೋಳದ ರೊಟ್ಟಿಗೇ ರುಚಿ ಇಲ್ಲ, ಇನ್ನ ಹೈಬ್ರಿಡ್ ಗಾಡಿ!” ಎಂದು ಮಹಾರುದ್ರಪ್ಪ ಮೂಗು ಮುರಿದ. “ನನ್ನ ಗಾಡಿಯೊಳಗ ಇಪ್ಪತ್ತೆರಡು ತೆಗೆದು ತೋರಸ್ತೀನಿ.”

“ತೋರ್ಸು. ಗಾಡಿ ಮುಂದ ನಾನೇ ಕಾಯಿ ಒಡೀತೀನಿ. ಬರಲಿಲ್ಲಂದ್ರ ಇನ್ನ ಮುಂದ ಬಜಾರದಾಗ ಎವರೇಜಿನ ಮಾತು ಎತ್ತಬ್ಯಾಡ.”

ಎವರೇಜಿನ, ಅಂದರೆ ಗಾಡಿ ಲೀಟರಿಗೆ ಎಷ್ಟು ಓಡುತ್ತದೆಂಬ ಮಾತು ಬಿಟ್ಟರೆ ಮಹಾರುದ್ರಪ್ಪನಿಗೆ ಬೇರೆ ಮಾತೇ ಇರಲಿಲ್ಲ. ಮನೆಗೆ ಬಂದವನೇ ಕಾರಿನ ಸ್ಟೆಪ್ನಿ ಇಳಿಸಿದ, ಹಿಂದಿನ ಸೀಟು ಕಿತ್ತ, ಜಾಕು ತೆಗೆದ. ಆದರೂ ಹದಿನೇಳು ದಾಟಲಿಲ್ಲ. “ಎಲ್ಲಕ್ಕಿಂತ ಭಾರ ಸಾಮಾನು ನೀವೇ ಇದ್ದೀರಿ ನೋಡ್ರಿ” ಎಂದು ಭಾಗಮ್ಮ ರೊಟ್ಟಿ ಬಡಿಯುತ್ತಲೇ ಅಂದಾಗ ಅವನಿಗೆ ಸಿಟ್ಟು ಬರಲಿಲ್ಲ, ಜ್ಞಾನೋದಯವಾಯಿತು. ಮರುದಿನವೇ ಎಲ್ಲರನ್ನೂ ಕಾಟಾದ ಮೇಲೆ ಹತ್ತಿಸಿದ್ದು ಅದಕ್ಕೇ.

ಎರಡು ತಿಂಗಳಲ್ಲಿ ಮನೀಷಾ ಗಾಡಿ ಕಲಿತಳು, ಲೈಸೆನ್ಸೂ ಬಂತು. ಗುರುನಾಥನೆದುರಿನ ಎವರೇಜ್ ಪರೀಕ್ಷೆಗೆ ಗೊತ್ತಾದ ದಿನ ಪಂಚಮಿಯ ಮುನ್ನಾದಿನವಾಗಿತ್ತು. ಬೆಳಿಗ್ಗೆ ಟ್ಯಾಂಕನ್ನು ಕುತ್ತಿಗೆಯ ತನಕ ತುಂಬಿಸಿದರು. ಹುಮನಾಬಾದಿನ ತನಕ ಮನೀಷಾ ಒಬ್ಬಳೇ ಓಡಿಸಿಕೊಂಡು ಹೋಗಬೇಕಿತ್ತು. ಮಹಾರುದ್ರಪ್ಪ ಸೊಸೆಯ ಕಾಲ್ಗೆಜ್ಜೆ ಬಿಚ್ಚಿಸಿದ. ತಾಳಿಯ ಕಡೆ ನೋಡಿದ, ಭಾಗಮ್ಮ ಅವನ ಕಡೆ ನೋಡಿದಳು, ಅದು ಉಳಿಯಿತು. ಭಾಗಮ್ಮ ಇಟ್ಟಿದ್ದ ಹಬ್ಬದ ಉಂಡಿಯ ಡಬ್ಬಿಯನ್ನು ಮಾತ್ರ ಅವನೇ ಕೈಯಾರೆ ಕಾರಿನಿಂದ ಇಳಿಸಿದ.

“ಬ್ರೇಕ್ ಮುಟ್ಟಬ್ಯಾಡ. ನಿಂತ ಗಾಡಿ ಮತ್ತ ಎಬ್ಬಿಸಬೇಕಂದ್ರ ಅರ್ಧ ವಾಟಗಾ ಪೆಟ್ರೋಲ್ ಹೋಗ್ತದ. ಹಾದ್ಯಾಗ ಖುದ್ದು ನಿಮ್ಮಪ್ಪನೇ ಕೈ ಮಾಡಿದ್ರೂ ನಿಲ್ಲಿಸಬ್ಯಾಡ. ತಿಳೀತೇನು?”

“ತಿಳೀತ್ರಿ, ಮಾವಾರ,” ಎಂದಳು ಮನೀಷಾ.

ಅವನು ತನ್ನ ಚೀಲ ಹಿಡಿದು ಮೊದಲ ಬಸ್ಸಿಗೇ ಹುಮನಾಬಾದ್ ಸೇರಿದ. ಚೀಲ ಯಾಕೋ ಭಾರವೆನಿಸಿತು, ತೆರೆದು ನೋಡುವ ವ್ಯವಧಾನವಿರಲಿಲ್ಲ. ಹೆದ್ದಾರಿಯ ಪೆಟ್ರೋಲ್ ಬಂಕಿನ ಎದುರು ಗುರುನಾಥ ಕಾಯಿ ಹಿಡಿದು ನಿಂತಿದ್ದ. ಇಲ್ಲಿ ಮತ್ತೆ ಟ್ಯಾಂಕ್ ತುಂಬಿಸಿದರೆ ಎಷ್ಟು ಕುಡಿದಿದೆ ಎಂಬುದು ಬಯಲಾಗುತ್ತಿತ್ತು.

ಹತ್ತೂವರೆಗೆ ಬಿಳಿ ಕಾರು ಕಾಣಿಸಿತು. ಮಹಾರುದ್ರಪ್ಪ ರಸ್ತೆಯಂಚಿಗೆ ಓಡಿ ಎರಡೂ ಕೈ ಬೀಸಿದ. ಕಾರು ಬಂತು, ಹತ್ತಿರ ಬಂತು, ಬಂಕಿನ ಮುಂದೆ ಬಂತು, ಹಾಗೇ ದಾಟಿತು.

“ನಿಂತ್ರ ಎವರೇಜ್ ಕೆಡ್ತದ್ರಿ, ಮಾವಾರ!” ಕಿಟಕಿಯಿಂದ ಮನೀಷಾಳ ದನಿ ಬಂತು. “ಚಿಟಗುಪ್ಪಕ್ಕ ಹೊಂಟೀನಿ! ಪಂಚಮಿ ಮುಗಿಸಿ ಬರ್ತೀನ್ರಿ!”

ಕಾರು ಚಿಟಗುಪ್ಪದ ಹಾದಿಗೆ ಹೊರಳಿತು. ಗುರುನಾಥ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಮಹಾರುದ್ರಪ್ಪನಿಗೆ ಅವಮಾನವಾಯಿತು. ಏನಾದರೂ ಮಾಡಬೇಕಲ್ಲ ಎಂದು ಮೋರೆ ಒರೆಸಿಕೊಳ್ಳಲು ಚೀಲದ ಟವೆಲಿಗೆ ಕೈ ಹಾಕಿದ. ಕೈಗೆ ಬಂದದ್ದು ಉಂಡಿಯ ಡಬ್ಬಿ. ಮುಚ್ಚಳಕ್ಕೆ ಸೊಸೆಯ ಕಾಲ್ಗೆಜ್ಜೆ ಕಟ್ಟಿತ್ತು. ಅದು ಭಾಗಮ್ಮ ಹಾಕಿದ ಗಂಟು, ಡಬ್ಬಿ ಮುಟ್ಟಬೇಕಾದದ್ದು ಸೊಸೆಯ ತವರಿಗೆ ಎಂದು ನೋಡಿದ ಕೂಡಲೇ ತಿಳಿಯಿತು.

ಅವನು ಡಬ್ಬಿಯನ್ನು ಎದೆಗವಚಿಕೊಂಡು ಚಿಟಗುಪ್ಪದ ಬಸ್ಸಿನ ಕಡೆ ಹೊರಟ.

“ಏ, ಸೊಸಿ ಗಾಡ್ಯಾಗ, ಮಾವ ಬಸ್ಸಿನಾಗ! ಇದೆಂಥಾ ಉಳಿತಾಯೋ, ಮಾರಾಯ?” ಗುರುನಾಥ ಹಿಂದಿನಿಂದ ಕೂಗಿದ. “ಈ ಕಾಯಿ ಏನ್ ಮಾಡ್ಲಿ?”

ಮಹಾರುದ್ರಪ್ಪ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಾರು ಹೋದ ಹಾದಿಯನ್ನೇ ನೋಡಿದ. ಅಲ್ಲಿ ಧೂಳೂ ಇರಲಿಲ್ಲ.

“ಒಡಿ,” ಎಂದ. “ನಾ ಒಳಗ ಕುಂತಿದ್ರ ಆ ಗಾಡಿ ಇಷ್ಟು ಹಗುರಾಗಿ ಹೋಗತಿತ್ತೇನು?”