ಬಿಸಿಯಾಗಿದೆಯೇ ನೋಡಿ

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಯೋಗಿಕ ಪರೀಕ್ಷೆಗೆ ಮನೆಯವರನ್ನು ಕರೆತರುವುದು ಈಗ ಎಲ್ಲ ಕಡೆಯ ರೂಢಿ. ಪ್ರಯೋಗ ಮಾಡುವ ಕ್ರಮವನ್ನು ವಿದ್ಯಾರ್ಥಿ ಬರೆದುಕೊಡಬೇಕು, ಮನೆಯವರು ಅದನ್ನು ಓದಿಕೊಂಡು ಮಾಡಬೇಕು. ನಡುವೆ ಮಾತು ಹಾಯದ ಗಾಜಿನ ಗೋಡೆ. ಆ ಬೆಳಿಗ್ಗೆ ಒಬ್ಬಿಬ್ಬರು ಅಪ್ಪಂದಿರು ಕೈಗೆ ಬ್ಯಾಂಡೇಜು ಸುತ್ತಿಸಿಕೊಂಡು ಹೊರಗೆ ಬಂದಿದ್ದರು.

ಗಾಜಿನ ಈಚೆ ವಿರೂಪಾಕ್ಷ ನಿಂತಿದ್ದ. ಆಚೆ ಅವನ ಅವ್ವ ಗುರವ್ವ ಸೆರಗು ಸಿಕ್ಕಿಸಿಕೊಂಡು, ಮಗನ ಹಾಳೆಯ ಮೇಲೆ ಬೆರಳಿಟ್ಟು ಓದುತ್ತ, ವೈರು ಜೋಡಿಸಿ ಸ್ವಿಚ್ ಒತ್ತಿದಳು. ಮುಂದಿನ ಸಾಲು ನೆನಪಾದದ್ದೇ ಅವನು ಗಾಜಿಗೆ ಮುಖ ಒತ್ತಿದ. ಸೀನಿಯರ್ ಒಬ್ಬನ ರೆಕಾರ್ಡಿನಿಂದ ಹಾಗೆಯೇ ಇಳಿಸಿಕೊಂಡ ಸಾಲು ಅದು: 'ತಂತಿಯ ಸುರುಳಿ ಬಿಸಿಯಾಗಿದೆಯೇ ನೋಡಿ.' ಯಾವುದರಿಂದ ನೋಡಬೇಕೆಂದು ಬರೆದಿರಲಿಲ್ಲ. ಥರ್ಮಾಮೀಟರ್ ಮೇಜಿನ ಮೇಲೆಯೇ ಇತ್ತು. ಅವ್ವ ಅದರತ್ತ ತಿರುಗಲೂ ಇಲ್ಲ. ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಕಾದಿದೆಯೇ ಎಂದು ನೋಡುವಾಗಿನಂತೆ ಬೆರಳನ್ನು ನಾಲಿಗೆಗೆ ತಾಗಿಸಿಕೊಂಡಳು.

"ಮೇಡಮ್, ಕೈ ಸುಟ್ಟುಕೊಂತಾಳ್ರಿ! ಬಂದ್ ಮಾಡ್ರಿ!"

"ಚೀಟಿ ಬರೆದು ಹಾಕಬಹುದು," ಎಂದರು ಅವನ ಪಕ್ಕದಲ್ಲೇ ಕೂತಿದ್ದ ಪರೀಕ್ಷಕಿ, ತಲೆಯೆತ್ತದೆ. "ಹಾಕಿದ್ರ ಫೇಲು. ಗೊತ್ತೈತಲ್ಲ?"

ಬೆರಳು ಸುರುಳಿಯತ್ತ ಚಾಚಿತು. ವಿರೂಪಾಕ್ಷ ಗೀಚಿ, ಚೀಟಿಯನ್ನು ಗಾಜಿನ ಕಿಂಡಿಯೊಳಗೆ ತುರುಕಿದ. ಅದು ಅವ್ವನ ಕಣ್ಣೆದುರೇ ಬಿತ್ತು.

'ಅವ್ವಾ, ಕೈ ಹಚ್ಚಬ್ಯಾಡ. ಸುಡತೈತಿ.'

ಗುರವ್ವನ ಕೈ ಅಲ್ಲೇ ನಿಂತಿತು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯನ್ನೂ ಚೀಟಿಯನ್ನೂ ಹಿಡಿದು ಹೊರಗೆ ಬಂದಳು.

"ಇಷ್ಟು ತಿಳಿಯುವಂಗ ಬರಿಯಾಕ ಬರತಿತ್ತಂದ್ರ," ಎಂದಳು, "ಮೊದಲ ಯಾಕ ಬರೀಲಿಲ್ಲೋ?"