ಟೆಂಪರರಿ

ನಂಜನಗೂಡಿನ ಕಾರ್ಖಾನೆಯಲ್ಲಿ ನನಗೆ ಈ ವರ್ಷವೂ ಹೊಸ ಗೇಟ್‌ಪಾಸ್ ಕೊಟ್ಟಿದ್ದಾರೆ, ಹದಿನೆಂಟನೆಯದು. ಅದರ ಮೇಲಿರುವ ‘ಟೆಂಪರರಿ’ ಎಂಬ ಇಂಗ್ಲಿಷ್ ಪದವನ್ನು ಬೇರೆಯವರ ಕೈಲಿ ಓದಿಸಿಕೊಳ್ಳಬೇಕಾದ ಅಗತ್ಯ ನನಗಿಲ್ಲ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಅಪ್ಪ ಶಾಲೆಯ ಬಾಗಿಲಿಗೆ ಬಂದು ನಿಂತ. ಹಿಪ್ಪುನೇರಳೆ ಸೊಪ್ಪಿನ ಹಾಲು ಅಂಟಿ ಅವನ ಬೆರಳೆಲ್ಲ ಕಪ್ಪಗಾಗಿತ್ತು. ಅವ್ವ ಆಸ್ಪತ್ರೆ ಸೇರಿ ವಾರವಾಗಿತ್ತು. ಮನೆಯಲ್ಲಿ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವವರಿರಲಿಲ್ಲ.

“ನಮ್ಮುಡ್ಗನ ಕಳ್ಸಿ ಸಾ. ಉಳ ಗೂಡು ಕಟ್ಟೋಗಂಟ ಅಷ್ಟೇಯ,” ಅಂದ.

ಇಂಗ್ಲಿಷ್ ಪಾಠ ಮಾಡುತ್ತಿದ್ದ ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಂಡರು. ಬೋರ್ಡಿನ ಮೇಲೆ ‘ಟೆಂಪರರಿ’ ಅಂತ ಇಂಗ್ಲಿಷಿನಲ್ಲಿ ಬರೆದರು. “ಲ್ಯಾಟಿನ್ನಿನಲ್ಲಿ ಕಾಲ ಅನ್ನೋ ಮಾತಿಂದ ಬಂದದ್ದು ಇದು. ಸ್ವಲ್ಪ ಕಾಲ ಮಾತ್ರ ಇರೋದು ಅಂತ ಅರ್ಥ. ಎಲ್ಲಿ, ನೀನೊಂದು ವಾಕ್ಯ ಮಾಡು, ಆಮೇಲೆ ಹೋಗು.”

ನಾನು ಎದ್ದು ನಿಂತು, “ಮೈ ಲೀವ್ ಈಸ್ ಟೆಂಪರರಿ,” ಅಂದೆ.

ಮೇಷ್ಟ್ರು ತಾವೇ ಚಪ್ಪಾಳೆ ತಟ್ಟಿದರು. “ಉಳ ಮೇಯ್ಸಕೆ ಇಂಗ್ಲೀಸ್ ಬ್ಯಾರೆ,” ಅಂತ ಹಿಂದಿನ ಬೆಂಚಿನವನೊಬ್ಬ ನಕ್ಕ.

ದಾರಿಯಲ್ಲಿ ಅಪ್ಪ ನನ್ನ ಚೀಲವನ್ನು ತಾನೇ ಹೊತ್ತುಕೊಂಡ.

“ಏನಂದ್ಯಲಾ ಮೇಷ್ಟ್ರಿಗೆ?”

“ಬೇಗ ಬತ್ತೀನಿ ಅಂದೆ ಕಣಪ್ಪ.”

“ಚೆಂದಾಗಂದೆ ಬುಡು,” ಅಂದ.

ದಿನಾ ನಾನು ಚೀಲ ನೇತುಹಾಕುತ್ತಿದ್ದ ಮೊಳೆ ಮನೆಯ ಬಾಗಿಲ ಪಕ್ಕದಲ್ಲೇ ಇತ್ತು. ಅಪ್ಪ ಅದರತ್ತ ನೋಡಲಿಲ್ಲ. ಏಣಿ ತಂದು ಒರಗಿಸಿ ಹತ್ತಿದ; ಚೀಲವನ್ನು ಅಟ್ಟದ ಮೂಲೆಗೆ, ಹುಳು ಸಾಕುವ ಮುರಿದ ತಟ್ಟೆಗಳ ಹಿಂದಕ್ಕೆ ತಳ್ಳಿದ.

ಅವನು ಇಳಿಯುವವರೆಗೂ ಕೆಳಗೆ ನಾನೇ ಏಣಿ ಹಿಡಿದುಕೊಂಡಿದ್ದೆ.